ನಡೆಮಡಿ ಹಾಸಿದ ಶ್ರಾವಣ

ಮಕ್ತಲ್‌ನಲ್ಲಿ ಇಳಿಯುವ ಉದ್ದೇಶ ನನಗಿರಲಿಲ್ಲ. ರಾಯಚೂರಿನಿಂದ ನಾರಾಯಣಪೇಟೆಗೆ ಹೊರಟಿದ್ದ ಬಸ್ಸು ಮಳೆಯಲ್ಲಿ ಕೆಟ್ಟು ನಿಂತಿತು. ಕಾವ್ಯ, ಪ್ರಭುತ್ವ ಮತ್ತು ಬಿಡುಗಡೆ ಎಂಬ ವಿಷಯದ ಮೇಲೆ ಮಾತಾಡಲು ನಾರಾಯಣಪೇಟೆಯಲ್ಲಿ ನನ್ನನ್ನು ಕರೆದಿದ್ದರು. ಮಾತು ನನ್ನ ತಲೆಯಲ್ಲಿ ಸಿದ್ಧವಾಗಿತ್ತು, ಚೆನ್ನಾಗಿಯೂ ಇತ್ತು. ಚಾಲಕ ಚಹಾಕ್ಕೆ ಹೋದ. ನಾನು ಕೆಳಗಿಳಿದು ಅಂಗಡಿಯೊಂದರ ತಗಡಿನ ಕೆಳಗೆ ನಿಂತೆ. ಆಗ ಕೆರೆಯ ಕಡೆಯಿಂದ ಆ ವಾಸನೆ ಬಂತು. ನೆನೆದ ಚೌಳು ಮಣ್ಣಿನದು, ಅದರಲ್ಲಿ ಬೆಂದ ಹತ್ತಿಬಟ್ಟೆಯದು. ಹಿಂದೆ ಅಗಸರು ಬಟ್ಟೆಗಳನ್ನು ಚೌಳಿನಲ್ಲಿ ಅದ್ದಿ, ಹಂಡೆಯ ಮೇಲೆ ಪೇರಿಸಿ ಉಬ್ಬೆಗೆ ಇಡುತ್ತಿದ್ದಾಗ ಬರುತ್ತಿದ್ದ ವಾಸನೆ.

ಈಗ ಅಲ್ಲಿ ಯಾರೂ ಉಬ್ಬೆ ಇಡುವುದಿಲ್ಲ. ಹಾಗಾಗಿ ಆ ವಾಸನೆ ನಿಜವಾಗಿಯೂ ಬಂತೋ, ನಾನೇ ತಂದುಕೊಂಡೆನೋ ಗೊತ್ತಿಲ್ಲ. ನೆನಪನ್ನು ನಾನು ನಂಬುವುದಿಲ್ಲ. ಅದೂ ಉಬ್ಬೆಗೆ ಹಾಕಿದ ಬಟ್ಟೆಯ ಹಾಗೆ. ಎಷ್ಟು ಸಲ ಒಳಗಿಟ್ಟರೆ ಅಷ್ಟು ಬೆಳ್ಳಗಾಗಿ ಹೊರಬರುತ್ತದೆ.

ನಿಜಾಮರ ರಾಜ್ಯದ ಕೊನೆಯ ವರ್ಷಗಳಲ್ಲಿ ಒಂದು ಶ್ರಾವಣ. ಆಗ ನನಗೆ ಇಪ್ಪತ್ತರ ಆಸುಪಾಸು. ಉರ್ದು ಮದರಸೆಯಲ್ಲಿ ಓದಿ, ಕನ್ನಡವನ್ನು ಮನೆಯಲ್ಲಿ ಮಾವನಿಂದ ಕಲಿತವನು. ಸೋದರಮಾವ ವೀರಯ್ಯಶಾಸ್ತ್ರಿಗಳು ಸುತ್ತಿನ ಹಳ್ಳಿಗಳಲ್ಲಿ ಪುರಾಣದ ಅರ್ಥ ಹೇಳುವವರೆಂದು ಹೆಸರಾಗಿದ್ದರು. ನಮ್ಮ ಕಡೆ ಶ್ರಾವಣ ಪೂರ್ತಿ ಮಠದಲ್ಲಿ ಪುರಾಣ ನಡೆಯುತ್ತದೆ. ಒಬ್ಬ ಪದ್ಯ ಓದುತ್ತಾನೆ, ಇನ್ನೊಬ್ಬ ಅರ್ಥ ಹೇಳುತ್ತಾನೆ. ಆ ವರ್ಷ ಮಕ್ತಲ್‌ನ ಪಟೇಲರು ಮಾವನನ್ನು ಕರೆಸಿದರು. ಓದಲು ಮಾವ ನನ್ನನ್ನು ನಾರಾಯಣಪೇಟೆಯಿಂದ ಕರೆದುಕೊಂಡು ಬಂದರು. ನನ್ನ ಕಂಠ ಚೆನ್ನಾಗಿತ್ತು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ.

ಮಾವ ದಪ್ಪ ಹೊಟ್ಟೆಯ, ನಶ್ಯದ ಮೂಗಿನ, ನಗಿಸುವ ಮನುಷ್ಯ. ಪ್ರತಿ ವರ್ಷ ಗದ್ವಾಲದ ಸಂಸ್ಥಾನಕ್ಕೆ ಹೋಗಿ ಅರಮನೆಯವರ ಮೇಲೆ ಪದ್ಯ ಹೇಳಿ ಶಾಲು ಹೊದ್ದುಕೊಂಡು ಬರುತ್ತಿದ್ದರು. "ಯಾಕ ಮಾವ, ಅಲ್ಲಿ ಅಷ್ಟು ಹೊಗಳ್ತೀರಿ?" ಎಂದರೆ, "ದೇವರನ್ನ ಹೊಗಳಾಕ ಅಭ್ಯಾಸ ಬೇಕಲ್ಲೋ. ಮೊದಲ ಸಣ್ಣವರ ಮ್ಯಾಲ ಕೈ ಕುದುರಿಸಿಕೋಬೇಕು" ಎನ್ನುತ್ತಿದ್ದರು. ನನಗೆ ಅದು ಧೈರ್ಯದ ಮಾತೆನಿಸುತ್ತಿತ್ತು.

ಗ್ರಂಥ ಪಟೇಲರ ಮನೆಯ ದೇವರ ಕೋಣೆಯಲ್ಲಿರುತ್ತಿತ್ತು. ಸಂಜೆ ನಾನು ಅದನ್ನು ತಲೆಯ ಮೇಲೆ ಹೊತ್ತು ಮಠಕ್ಕೆ ನಡೆಯಬೇಕು. ಗ್ರಂಥ ಹೊತ್ತವನ ಕಾಲು ನೆಲಕ್ಕೆ ತಾಗಬಾರದು. ಅದಕ್ಕಾಗಿ ಅಗಸರ ನರಸವ್ವ ಮುಂದೆ ಮುಂದೆ ಒಗೆದ ಬಿಳಿ ಬಟ್ಟೆ ಹಾಸುತ್ತ ಹೋಗುತ್ತಿದ್ದಳು. ಅದೇ ನಡೆಮಡಿ. ನಾನು ದಾಟಿದ ಬಟ್ಟೆಯನ್ನು ಹಿಂದಿನಿಂದ ಎತ್ತಿಕೊಂಡು ಮತ್ತೆ ಮುಂದಕ್ಕೆ ಓಡಿ ಹಾಸಬೇಕು. ಶ್ರಾವಣದ ಕೆಸರು, ಪಟೇಲರ ಮನೆಯಿಂದ ಮಠದವರೆಗೆ ಇಳಿಜಾರು. ನಡುವಯಸ್ಸಿನ ವಿಧವೆ, ಒಂಟಿ ಹೆಂಗಸು, ಉಸಿರು ಬಿಡುತ್ತ ಓಡುತ್ತಿದ್ದಳು. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ.

"ಸಣ್ಣಯ್ಯನವ್ರ, ಸಾವಕಾಶ ಬರ್ರಿ. ನಿಮ್ಮ ಕಾಲಿಗೆ ಹಾಸಾಕತ್ತಿಲ್ರೀ, ಹೊತ್ತಿಗಿಗೆ ಹಾಸಾಕತ್ತೀನಿ."

"ಹೊತ್ತಿಗೆಗೆ ಕಾಲೆಲ್ಲಿ ಅದಾವ ನರಸವ್ವ?"

"ಇಲ್ಲದ್ದಕ್ಕ ನಿಮ್ಮ ಕಾಲು ಬಿಟ್ಟಿ ಹಿಡದೈತ್ರಿ. ನಂದು ನೋಡ್ರಿ, ಕಾಲೂ ಬಿಟ್ಟಿ, ಕೈಯೂ ಬಿಟ್ಟಿ."

ಬಿಟ್ಟಿ ಎಂದರೆ ಕೂಲಿಯಿಲ್ಲದ ಚಾಕರಿ. ಪಟೇಲರ ಮನೆಯ ಬಟ್ಟೆ, ಚಾವಡಿಗೆ ಬಂದಿಳಿಯುವ ಅಧಿಕಾರಿಗಳ ಬಟ್ಟೆ, ಪುರಾಣಕ್ಕೆ ಬಂದ ನಮ್ಮ ಬಟ್ಟೆ, ಎಲ್ಲವನ್ನೂ ಅವಳು ಹಾಗೆಯೇ ಒಗೆಯಬೇಕು. ನಾವು ಬಿಚ್ಚಿಟ್ಟ ಧೋತ್ರ ಮರುದಿನ ಬೆಳ್ಳಗೆ, ಮಡಿಕೆಯಾಗಿ ಜಗಲಿಯ ಮೇಲಿರುತ್ತಿತ್ತು. ಮಳೆಗಾಲದಲ್ಲಿ ಅವಳು ಅದನ್ನು ಎಲ್ಲಿ ಒಣಗಿಸುತ್ತಾಳೆಂದು ನಾನು ಕೇಳಲಿಲ್ಲ.

ಪಟೇಲರ ಮಗ ಬಸಣ್ಣ ನನ್ನ ಓರಗೆಯವನು. ರಾಯಚೂರಿಗೆ ಹೋಗಿಬಂದಾಗಲೆಲ್ಲ ಪತ್ರಿಕೆ ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಬರುತ್ತಿದ್ದ. ಖಾದಿ ಜುಬ್ಬ ತೊಡುತ್ತಿದ್ದ. ಆಗ ಸಭೆ ಸೇರಲು ಸರ್ಕಾರದ ಇಜಾಜತ್ ಬೇಕಿತ್ತು, ಕೇಳಿದರೆ ಸಿಗುತ್ತಿರಲಿಲ್ಲ. ಪುರಾಣಕ್ಕೆ ಅಡ್ಡಿಯಿರಲಿಲ್ಲ. ಆದರೂ ಪೊಲೀಸ್ ಅಮೀನರು ದಿನಾ ಬಂದು ಮುಂದಿನ ಕಂಬಕ್ಕೆ ಒರಗಿ ಕೂರುತ್ತಿದ್ದರು.

ಬಸಣ್ಣ ಒಂದು ಮಧ್ಯಾಹ್ನ ಮಾವನ ಬಳಿ ಕುಳಿತು ಕೇಳಿದ. "ಶಾಸ್ತ್ರಿಗಳ, ನಾಳೆ ದೈತ್ಯನ ಸಂಧಿ ಬರ್ತದಲ್ರೀ. ಅರ್ಥದಾಗ ಒಂಚೂರು ಖಾರ ಹಾಕ್ರಿ. ಜನ ಅಂವನ್ನ ಗುರ್ತಾ ಹಿಡೀಬೇಕು."

"ಯಾರನ್ನ?"

"ಹೈದರಾಬಾದಿನಾಗ ಕುಂತಾನಲ್ಲ, ಅಂವನ್ನ."

"ಮುಂದ ಅಮೀನ ಕುಂತಿರ್ತಾನಲ್ಲೋ ತಮ್ಮಾ."

"ಹೆಸರು ಹೇಳಬ್ಯಾಡ್ರಿ. ಕಥಿ ಹೇಳ್ರಿ ಸಾಕು."

ಮಾವ ನಶ್ಯ ಏರಿಸಿ ನಕ್ಕರು. ಆ ನಗುವನ್ನು ನಾನು ಬಲ್ಲೆ. ಒಳ್ಳೆಯ ಸಭೆ ಸಿಗುತ್ತದೆಂದು ಗೊತ್ತಾದಾಗಿನ ನಗು ಅದು. ನನಗೂ ಮೈ ಬಿಸಿಯಾಯಿತು. ಸಾಹಿತ್ಯ ಅಂದರೆ ಇದೇ ಅನ್ನಿಸಿತು. ರಾಜನ ಎದುರಿಗೇ ರಾಜನನ್ನು ಬೈಯುವುದು, ಅವನಿಗೆ ಗೊತ್ತಾಗದ ಹಾಗೆ.

ಆ ಸಂಧಿಯಲ್ಲಿ ಒಬ್ಬ ದೈತ್ಯ ಮೂರು ಲೋಕ ಗೆದ್ದು ದೇವತೆಗಳನ್ನು ಚಾಕರಿಗೆ ಇಟ್ಟುಕೊಳ್ಳುತ್ತಾನೆ. ಗಾಳಿ ಅವನ ಅಂಗಳ ಗುಡಿಸಬೇಕು, ಮಳೆ ನೀರು ಚಿಮುಕಿಸಬೇಕು, ಬೆಂಕಿ ಅಡುಗೆ ಮಾಡಬೇಕು, ಗಂಗೆ ಬಟ್ಟೆ ಒಗೆಯಬೇಕು. ನಾನು ಓದಿದೆ. ಮಾವ ಅರ್ಥಕ್ಕೆ ಇಳಿದರು. ಮಠ ತುಂಬಿತ್ತು. ಮಳೆಯಿಂದ ಹೊಲದ ಕೆಲಸ ನಿಂತಿತ್ತು. ಹೊರಗೆ ಚಪ್ಪರದ ಅಂಚಿನಲ್ಲಿ, ತಾನು ಕೂರಬೇಕಾದ ಜಾಗದಲ್ಲಿ, ನಡೆಮಡಿಯ ಒದ್ದೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನರಸವ್ವ ಕುಳಿತಿದ್ದಳು.

ಅಮೀನರು ಮೊದಲೇ ಕೇಳಿಬಿಟ್ಟರು. "ಶಾಸ್ತ್ರೀಜಿ, ಈ ರಾಕ್ಷಸ ಯಾವ ಕಾಲದಾಂವ ರೀ?"

"ಕೃತಯುಗದಾಂವ, ಸಾಹೇಬ್ರ."

"ಹಂಗಾರ ನಮ್ಮ ಹದ್ದಿನ್ಯಾಗ ಬರಂಗಿಲ್ಲ. ಹೇಳ್ರಿ, ಹೇಳ್ರಿ."

ಎಲ್ಲರೂ ನಕ್ಕರು. ಅಲ್ಲಿಗೆ ಮಾವನಿಗೆ ಎಚ್ಚರ ಬಂತು. ಕಿರೀಟ, ವಜ್ರ, ಮೋಟಾರು, ಅರಮನೆ, ಇವನ್ನೆಲ್ಲ ಹೇಳಿದರೆ ಅಮೀನರಿಗೆ ಹೈದರಾಬಾದು ಕಾಣುತ್ತದೆ. ಹಾಗಾಗಿ ದೈತ್ಯನಿಗೆ ಬೇರೆ ವೇಷ ಹಾಕಬೇಕಾಯಿತು. ಅರ್ಥ ಹೇಳುವವರು ಅಂಥ ಹೊತ್ತಿನಲ್ಲಿ ಕಣ್ಣೆದುರಿಗೆ ಸಿಕ್ಕದ್ದನ್ನೇ ಎತ್ತಿಕೊಳ್ಳುತ್ತಾರೆ. ನಮ್ಮ ಕಸುಬಿನ ರೂಢಿಯೇ ಅದು. ಸ್ವರ್ಗವನ್ನು ವರ್ಣಿಸುವಾಗಲೂ ಊರಿನ ಸಂತೆಯನ್ನೇ ವರ್ಣಿಸುತ್ತೇವೆ. ಮಾವ ದೈತ್ಯನಿಗೆ ಹುರಿಮೀಸೆ ಕೊಟ್ಟರು. ಬೆಳಗ್ಗೆ ಎದ್ದು ಜಗಲಿಯ ಮೇಲೆ ಬೇವಿನ ಕಡ್ಡಿ ಅಗಿಯುತ್ತ ಕೂರಿಸಿದರು. "ಏ ಗಾಳಿ, ಎಲ್ಲಿ ಸತ್ತಿದ್ದಿ, ಕಸ ಯಾರ ನಿಮ್ಮಪ್ಪ ಹೊಡೀತಾನ?" ಎಂದು ಕೂಗಿಸಿದರು. "ಏ ಗಂಗಾ, ನಿನ್ನಿ ಧೋತ್ರದ ಕರಿ ಅಂಚಿಗೆ ಅರಿಶಿಣ ಹಂಗ ಐತಿ, ಕೈ ಬಿದ್ದಾವೇನ?" ಎಂದು ಗದರಿಸಿದರು. ಗಂಗೆ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕೆರೆಗೆ ಹೋದಳು.

ಮಠ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ಪಟೇಲರೇ ನಕ್ಕರು, ಮೀಸೆಯ ಮೇಲೆ ಕೈಯಿಟ್ಟು. ಆ ಕೈ ಮೀಸೆಯ ಮೇಲಿರುವಾಗಲೇ ಅವರ ನಗು ನಿಂತಿತು. ನಾನು ನೋಡಿದೆ. ಅಥವಾ ನೋಡಿದೆನೆಂದು ಆಮೇಲೆ ಸೇರಿಸಿಕೊಂಡೆನೇನೋ. ಆದರೆ ಹೊರಗಿನಿಂದ ಬಂದ ಕೂಗು ನಾನು ಸೇರಿಸಿದ್ದಲ್ಲ.

"ಅಯ್ಯ ಶಿವನ, ಗಂಗವ್ವನೂ ನಮ್ಮ ಪೈಕೀನ ಏನ್ರೀ! ಆಮ್ಯಾಲ ಏನಾತ್ರೀ ಶಾಸ್ತ್ರಿಗಳ, ಆಕಿನ್ನ ಬಿಡಿಸಿದ್ರೋ ಇಲ್ಲೋ?"

"ಬಿಡಿಸಿದ್ರವ್ವಾ. ದೈತ್ಯನ ಹುಕುಂ ಮುರೀತು. ಗಂಗಿ ತನ್ನ ಪಾಡಿಗೆ ತಾನು ಹರದ್ಲು" ಎಂದರು ಮಾವ. ಮಾತು ಪೂರ್ತಿ ಸಭೆಯ ಅಮಲಿನಲ್ಲಿತ್ತು.

ಬಸಣ್ಣ ಕಣ್ಣರಳಿಸಿ ನನ್ನ ಕಡೆ ನೋಡಿದ. ಜನಕ್ಕೆ ಗೊತ್ತಾಯಿತು ಎಂಬ ಅರ್ಥದಲ್ಲಿ. ಜನಕ್ಕೆ ಗೊತ್ತಾಗಿದ್ದು ನಿಜ.

ಮರುದಿನ ಸಂಜೆ ನಾನು ಗ್ರಂಥ ತಲೆಯ ಮೇಲಿಟ್ಟುಕೊಂಡು ಪಟೇಲರ ಹೊಸ್ತಿಲ ಮೇಲೆ ನಿಂತೆ. ಮುಂದೆ ಬಟ್ಟೆಯಿರಲಿಲ್ಲ, ಕೆಸರಿತ್ತು. ಗ್ರಂಥದ ಭಾರಕ್ಕೆ ಕತ್ತು ನೋಯತೊಡಗಿತು. ತಳವಾರ ಅವಳ ಗುಡಿಸಿಲಿಗೆ ಓಡಿ ವಾಪಸು ಬಂದ. ಹೇಳಲು ಹೆದರಿ ನೆಲ ನೋಡುತ್ತ ನಿಂತ.

"ಏನಂದ್ಲಲೇ?" ಎಂದರು ಪಟೇಲರು.

"ಗಂಗವ್ವನ ಬಿಟ್ಟಿ ಮುಗೀತಂತ್ರೀ. ಇನ್ನ ಒಗ್ಯಾಕ ಬರಂಗಿಲ್ಲಂತ, ಹಾಸಾಕೂ ಬರಂಗಿಲ್ಲಂತ. ಬೇಕಾದ್ರ ಕೂಲಿ ಕೊಟ್ಟು ಕರೀರಿ ಅಂದ್ಲು."

ಪಟೇಲರು ಕೂಗಾಡಲಿಲ್ಲ. ಗ್ರಂಥವನ್ನು ಒಳಗಿಡಲು ಹೇಳಿದರು. ಆ ದಿನ ಪುರಾಣ ನಿಂತಿತು. ಮಾವನನ್ನು ಪಡಸಾಲೆಗೆ ಕರೆದು ಹಾಲು ತರಿಸಿದರು. ನಾನೂ ಬಸಣ್ಣನೂ ಅಲ್ಲೇ ಇದ್ದೆವು.

"ಶಾಸ್ತ್ರಿಗಳ, ನೀವು ಹೇಳಿದ್ದು ಯಾರಿಗೆ ಅಂತ ನನಗ ಗೊತ್ತೈತಿ. ನನ್ನ ಮಗಾನ ಹೇಳಿಸ್ಯಾನ. ದೊಡ್ಡವರಿಗೆ ಹೇಳಿದ್ರಿ, ಹೇಳ್ರಿ, ನಂದೇನಿಲ್ಲ. ಆದ್ರ ಅಗಸರಾಕಿ ಇವತ್ತ ಹಿಂಗಂದ್ರ ನಾಳೆ ಕುಂಬಾರಾಂವ ಅಂತಾನ, ನಾಡ್ದ ಹಜಾಮ ಅಂತಾನ. ನಾಳೆ ಅರ್ಥ ಸರಿ ಮಾಡಿಬಿಡ್ರಿ."

ಮಾವ ಹಾಲಿನ ಲೋಟ ನೋಡುತ್ತಿದ್ದರು. ನಾನು ಬಸಣ್ಣನನ್ನು ನೋಡಿದೆ. ಅವನು ಏನಾದರೂ ಹೇಳುತ್ತಾನೆಂದು ಕಾದೆ. ಅವನು ಜುಬ್ಬದ ತೋಳಿನ ಮಡಿಕೆಯನ್ನು ಬಿಚ್ಚಿ, ಮತ್ತೆ ಮಡಚಿ, "ಅಪ್ಪ ಹೇಳೂದ್ರಾಗೂ ಒಂದ್ ಮಾತೈತಿ. ಮೊದಲ ದೊಡ್ಡ ಕೆಲಸ ಆಗಬೇಕು. ಇವೆಲ್ಲ ಆಮ್ಯಾಲ" ಎಂದ.

ಆ 'ಆಮ್ಯಾಲ' ಇಂದಿಗೂ ಮುಗಿದಿಲ್ಲ.

ಮರುದಿನ ತಳವಾರ ನರಸವ್ವನನ್ನು ಕರೆತಂದು ಚಪ್ಪರದ ಅಂಚಿಗೆ ಕೂರಿಸಿದ. ಗ್ರಂಥವನ್ನು ಮೇಣೆಯಲ್ಲಿಟ್ಟು ಮಠಕ್ಕೆ ತಂದಿದ್ದರು. ಮಾವ ಅದೇ ಪದ್ಯವನ್ನು ಮತ್ತೊಮ್ಮೆ ಓದಲು ಹೇಳಿದರು. ಓದಿದೆ. ಒಂದಕ್ಷರ ಬದಲಿರಲಿಲ್ಲ. ಅದೇ ಗಾಳಿ, ಅದೇ ಬೆಂಕಿ, ಅದೇ ಗಂಗೆ. ಪದ್ಯಕ್ಕೆ ಯಾರ ಭಯವೂ ಇರುವುದಿಲ್ಲ. ಭಯವಿರುವುದು ಅರ್ಥಕ್ಕೆ.

"ಮೊನ್ನೆ ಹೇಳಿದ್ದು ಹೊರಗಿನ ಅರ್ಥ" ಎಂದು ಮಾವ ಶುರು ಮಾಡಿದರು. ಧ್ವನಿಯಲ್ಲಿ ನಗೆಯಿರಲಿಲ್ಲ, ಗಾಂಭೀರ್ಯವಿತ್ತು. ಅವರಿಗೆ ವೇದಾಂತ ಚೆನ್ನಾಗಿ ಬರುತ್ತಿತ್ತು. ದೈತ್ಯನೆಂದರೆ ಯಾವ ರಾಜನೂ ಅಲ್ಲ, ಯಾವ ಯಜಮಾನನೂ ಅಲ್ಲ, ನಮ್ಮೊಳಗಿನ ಅಹಂಕಾರ. ದೇವತೆಗಳೆಂದರೆ ನಮ್ಮ ಇಂದ್ರಿಯಗಳು. ಬಿಡುಗಡೆಯೆಂದರೆ ಕೆಲಸ ಬಿಡುವುದಲ್ಲ, ಕೆಲಸ ನನ್ನದೆಂಬ ಭಾವ ಬಿಡುವುದು. ಕೂಲಿ ಬೇಡದೆ ಮಾಡಿದ ಚಾಕರಿ ಪೂಜೆಗೆ ಸಮ. ಹೀಗೆ ಅವರು ಬಹಳ ಹೊತ್ತು ಹೇಳಿದರು. ಒಂದೊಂದು ಮಾತೂ ಶಾಸ್ತ್ರಕ್ಕೆ ಸರಿಯಾಗಿತ್ತು. ಇಂದು ಹುಡುಕಿದರೂ ಅದರಲ್ಲಿ ನನಗೆ ತಪ್ಪು ಸಿಗುವುದಿಲ್ಲ. ನಾಚಿಕೆಯಾಗುವುದು ಅದಕ್ಕೇ. ಸುಳ್ಳು ಹೇಳಿದ್ದರೆ ಸುಳ್ಳೆಂದು ಬಿಡಬಹುದಿತ್ತು. ಅವರು ಆರಿಸಿಕೊಂಡದ್ದು ಸತ್ಯವನ್ನು, ಅದು ಪಟೇಲರಿಗೆ ಬೇಕಾದ ಹೊತ್ತಿನಲ್ಲಿ.

ನರಸವ್ವ ಎದ್ದು ನಿಂತಳು. "ಮೊನ್ನೆ ಅಂವ ಹೊರಗಿದ್ನಲ್ರೀ ಶಾಸ್ತ್ರಿಗಳ? ಮೀಸಿ ಇದ್ವು, ಕರಿ ಅಂಚಿನ ಧೋತ್ರ ಇತ್ತು. ಎರಡ ದಿನದಾಗ ಒಳಗ ಹ್ಯಾಂಗ ಹೊಕ್ಕ? ಅದೂ ನನ್ನೊಳಗನ? ಊರಾಗ ಇಷ್ಟ ದೊಡ್ಡ ದೊಡ್ಡ ಮನಿ ಇದ್ದು, ಅಂವಗ ನನ್ನ ಗುಡಿಸಲಾನ ಬೇಕಾತೇನ್ರಿ?"

ಯಾರೋ ಕಿಸಕ್ಕೆಂದರು, ತಕ್ಷಣ ಕೆಮ್ಮಿದರು. ಪಟೇಲರು ಕಂಬದ ಕಡೆ ನೋಡಿದರು. ಕಂಬಕ್ಕೆ ಒರಗಿದ್ದ ಅಮೀನರು, ಅವರೊಬ್ಬರೇ, ನೇರವಾಗಿ ಹೇಳಿದರು. "ಏನೇ ಹೇಳ್ರಿ ಶಾಸ್ತ್ರೀಜಿ, ಮೊನ್ನೀದು ಖೂಬ್ ಇತ್ತು. ಇವತ್ತಿಂದು ನಿದ್ದಿ ಬರ್ತದ."

ನಾವು ಯಾರಿಗೆ ಹೆದರಿ ದೈತ್ಯನಿಗೆ ವೇಷ ಹಾಕಿದ್ದೆವೋ ಆ ಮನುಷ್ಯನಿಗೆ ಮೊದಲಿನಿಂದಲೂ ಎಲ್ಲ ತಿಳಿದಿತ್ತು. ಹೈದರಾಬಾದಿನವರೆಗೆ ಏನೂ ತಲುಪುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಹಾಗಾಗಿ ಕಥೆ ಕೇಳಿ ನಗುತ್ತ ಕೂತಿದ್ದರು.

ಮಾವ ನನಗೆ ಕಣ್ಣಿನಲ್ಲೇ ಮುಂದಿನ ಪದ್ಯ ತೋರಿಸಿದರು. ನಾನು ಎತ್ತಿದ ಸ್ವರದಲ್ಲಿ ಓದಿದೆ. ಅವಳು ಇನ್ನೂ ಏನೋ ಹೇಳುತ್ತಿದ್ದಳು. ಅದು ನನ್ನ ಓದಿನಲ್ಲಿ ಮುಳುಗಿತು. ಮೊದಲೇ ಹೇಳಿದೆನಲ್ಲ, ಕಂಠ ಚೆನ್ನಾಗಿತ್ತು.

ಕೆರೆಯ ದಂಡೆಯಲ್ಲಿ ಅವಳು ಒಗೆಯುತ್ತಿದ್ದ ಬಂಡೆ ಶ್ರಾವಣದ ಆಚೆಗೆ ಅವಳದಲ್ಲವೆಂದು ಆ ವಾರದಲ್ಲೇ ಪಟೇಲರು ಹೇಳಿಸಿದರು. ಅವಳ ಅತ್ತೆ ಒಗೆದ ಬಂಡೆ ಅದು. ಶ್ರಾವಣ ಮುಗಿದ ಮೇಲೆ ಧನ್ವಾಡದಿಂದ ಬೇರೆ ಅಗಸರ ಮನೆತನ ಬರುತ್ತದೆ, ಅಲ್ಲಿಯವರೆಗೆ ಉಳಿದ ಬಟ್ಟೆ ಒಗೆದುಕೊಟ್ಟು ಗುಡಿಸಿಲು ಬಿಡಬೇಕು ಎಂದು ಹುಕುಂ ಆಯಿತು. ಬಂಡೆಯಿಲ್ಲದೆ, ಉಬ್ಬೆಯ ಹಂಡೆ ಇಡಲು ಜಾಗವಿಲ್ಲದೆ ಅಗಸರ ಬದುಕು ಆ ಊರಿನಲ್ಲಿ ಆಗುವುದಿಲ್ಲ. ಯಾವ ರೈತನೂ ಅವಳಿಗೆ ಬಟ್ಟೆ ಹಾಕುವ ಹಾಗಿರಲಿಲ್ಲ. ಅವಳು ಮತ್ತೆ ನಡೆಮಡಿ ಹಾಸಲು ಬಂದಳು. ಬಾಯಿ ಮುಚ್ಚಿತ್ತು. "ದಾರಿಗೆ ಬಂದ್ಲು" ಎಂದರು ಊರವರು. ನಾನೂ ಹಾಗೆಂದುಕೊಂಡು ಹಗುರಾದೆ.

ಒಂದು ದಿನ ದಾರಿಯಲ್ಲಿ ಕೇಳಿದೆ. "ಎಲ್ಲಿಗೆ ಹೋಗ್ತಿ ನರಸವ್ವ?"

"ತವರು ಗದ್ವಾಲ ಐತ್ರಿ. ಅಲ್ಲಿ ಒಗ್ಯಾಕ ಅರಮನಿ ಅರಿವಿ ಅದಾವ. ಪಟೇಲರವಕಿಂತ ಉದ್ದ ಇರ್ತಾವ, ಅಷ್ಟ ಫರಕು."

ಮಂಗಲದ ದಿನ ಬಂತು. ಪುರಾಣ ಮುಗಿಯುವ ಆ ದಿನ ಗ್ರಂಥಕ್ಕೆ ದೊಡ್ಡ ಮೆರವಣಿಗೆ. ಬಾಜಾ, ಭಜನೆ, ಇಡೀ ಊರು. ಮಳೆ ಬಿಟ್ಟಿತ್ತು, ಬಿಸಿಲು ಬಿದ್ದಿತ್ತು. ನೆನಪಿನಲ್ಲಿ ಬಿಸಿಲಿದೆ, ಹಾಗಾಗಿ ಬರೆಯುತ್ತಿದ್ದೇನೆ. ಹೊಸ್ತಿಲಿಗೆ ಬಂದವನು ಬೆರಗಾದೆ. ಅವಳು ಬಟ್ಟೆಯನ್ನು ಎತ್ತಿ ಎತ್ತಿ ಮುಂದಕ್ಕೆ ಓಡುವ ಅಗತ್ಯವೇ ಇರಲಿಲ್ಲ. ಮಠದ ಮೆಟ್ಟಿಲವರೆಗೂ ದಾರಿಯುದ್ದಕ್ಕೂ ಹಾಸಿಬಿಟ್ಟಿದ್ದಳು. ಬೆಳ್ಳಗೆ, ಉಬ್ಬೆಯಿಂದ ಇಳಿದದ್ದು, ಒಂದಕ್ಕೊಂದು ಅಂಚು ಕೂಡಿಸಿ. "ಇದಪ್ಪ ಸೇವಾ!" ಎಂದರು ಪಟೇಲರು ಎಲ್ಲರಿಗೂ ಕೇಳುವ ಹಾಗೆ.

ನಾನು ಹೆಜ್ಜೆ ಇಟ್ಟೆ. ಗ್ರಂಥ ಹೊತ್ತವನು ತಲೆ ಬಗ್ಗಿಸಬಾರದು. ಕಣ್ಣು ಮಾತ್ರ ಕೆಳಗೆ ಹೋಗುತ್ತದೆ. ಕಾಲಡಿಯಲ್ಲಿ ಕರಿ ಅಂಚು ಕಂಡಿತು. ಇನ್ನೊಂದು ಕರಿ ಅಂಚು. ಪಟೇಲರ ಧೋತ್ರಗಳು. ಆಮೇಲೆ ಅವರ ಅಂಗಿ, ತೋಳು ಚಾಚಿ ಮಲಗಿತ್ತು. ಆಮೇಲೆ ಖಾದಿಯ ಜುಬ್ಬ. ಹಿಂದೆ ಬಾಜಾ ಮೆಲ್ಲಗೆ ತಪ್ಪತೊಡಗಿತು. ಬಾರಿಸುವವರಿಗೂ ಕಂಡಿತ್ತು. ಇದು ನನ್ನದು ಎಂದು ಯಾರು ಮೊದಲು ಹೇಳಬೇಕು? ಮಡಿ ಮಾಡಿದ ಬಟ್ಟೆ, ಮೇಲೆ ಗ್ರಂಥ, ಶಾಸ್ತ್ರಕ್ಕೆ ಎಲ್ಲಿಯೂ ಕುಂದಿಲ್ಲ. ಅಮೀನರು ಮಾತ್ರ ಸಾಲನ್ನು ಆತಂಕದಿಂದ ನೋಡುತ್ತ ಬಂದರು.

"ನಿಮ್ಮದು ಇನ್ನಾ ಒಣಗಿಲ್ರೀ ಸಾಹೇಬ್ರ" ಎಂದಳು ನರಸವ್ವ. "ಸರಕಾರದ ಅರಿವಿ ದಪ್ಪ ಇರ್ತಾವ."

ಮಾವನ ಮೇಲುಹೊದಿಕೆ ಬಂತು, ಗದ್ವಾಲದ ಶಾಲು. ಹಿಂದೆ ಮಾವ ಹಾಡು ನಿಲ್ಲಿಸಿದ್ದು ಕೇಳಿಸಿತು. ಮಠದ ಮೆಟ್ಟಿಲಿಗೆ ತಾಗಿ ಕೊನೆಯದೊಂದು ಧೋತ್ರವಿತ್ತು. ನಾರಾಯಣಪೇಟೆಯ ಮಗ್ಗದ್ದು, ಅವ್ವ ಕೊಡಿಸಿದ್ದು, ತುದಿಯಲ್ಲಿ ಕೆಂಪು ಎಳೆ. ಅದರ ಮೇಲೂ ನಡೆದೆ. ನನ್ನ ಬಟ್ಟೆ ಅಷ್ಟು ಬೆಳ್ಳಗೆ ಯಾವತ್ತೂ ಇರಲಿಲ್ಲ.

ನಾನು ಗ್ರಂಥ ಇಳಿಸುವ ಹೊತ್ತಿಗೆ ಅವಳು ತನ್ನ ಗಂಟು ಹೆಗಲಿಗೆ ಏರಿಸಿದ್ದಳು. ದಿನದ ಹಾಗೆ ಹಿಂದಿನಿಂದ ಬಟ್ಟೆ ಎತ್ತಲಿಲ್ಲ.

"ಲೆಕ್ಕಕ್ಕ ಒಂದೂ ಕಮ್ಮಿ ಇಲ್ರೆಪ್ಪ" ಎಂದಳು. "ನಿಮ್ಮ ನಿಮ್ಮ ಅರಿವಿ ಗುರ್ತಾ ಹಿಡದು ತಗೊಳ್ರಿ."

ಗದ್ವಾಲದ ದಾರಿ ಹಿಡಿದು ಹೊರಟಳು. ಜನರ ಕಾಲು ಬಟ್ಟೆಗಳನ್ನು ಕೆಸರಿಗೆ ತುಳಿಯತೊಡಗಿದಾಗ ಮೊದಲು ಬಸಣ್ಣ ಬಗ್ಗಿದ. ಆಮೇಲೆ ಮಾವ, ದಪ್ಪ ಹೊಟ್ಟೆ ಹಿಡಿದುಕೊಂಡು. ಪಟೇಲರು ಆಳಿಗಾಗಿ ಸುತ್ತ ನೋಡಿದರು. ಆಳು ಜನರ ಹಿಂದೆ ಸರಿದಿದ್ದ. ಅವರೂ ಬಗ್ಗಿದರು.

ನಾನು? ಬಹಳ ವರ್ಷಗಳಿಂದ ನನ್ನ ನೆನಪಿನಲ್ಲಿ ನಾನು ಬಗ್ಗುವುದಿಲ್ಲ. ಧೋತ್ರವನ್ನು ಅಲ್ಲೇ ಬಿಟ್ಟು, ನೆಟ್ಟಗೆ ನಿಂತು, ಅವಳು ಹೋದ ದಾರಿಯನ್ನು ನೋಡುತ್ತಿರುತ್ತೇನೆ. ನಾರಾಯಣಪೇಟೆಯಲ್ಲಿ ಮಾಡಬೇಕಿದ್ದ ಭಾಷಣದ ಕೊನೆಯಲ್ಲೂ ಆ ಚಿತ್ರವಿತ್ತು. ತಗಡಿನ ಕೆಳಗೆ ಆ ವಾಸನೆಯಲ್ಲಿ ನಿಂತಾಗ ಅದನ್ನು ಮತ್ತೆ ತೆರೆದು ನೋಡಿದೆ. ಚಿತ್ರ ಗಟ್ಟಿಯಾಗಿತ್ತು. ಆದರೆ ಒಂದು ತೊಡಕಿದೆ. ನಿಜಾಮರ ರಾಜ್ಯ ಹೋಗಿ, ಊರೂರಲ್ಲಿ ಬಾವುಟ ಏರಿದಾಗ, ಮೆರವಣಿಗೆಯಲ್ಲಿ ನಾನೂ ಬಸಣ್ಣನೂ ಮುಂದಿನ ಸಾಲಿನಲ್ಲಿದ್ದೆವು. ಆ ದಿನ ನಾನು ಉಟ್ಟಿದ್ದು ಕೆಂಪು ಎಳೆಯ ಧೋತ್ರ. ಅದು ಚೆನ್ನಾಗಿ ನೆನಪಿದೆ, ಏಕೆಂದರೆ ಅಂಚಿನ ಕೆಸರಿನ ಕಲೆ ಕಾಣದಿರಲೆಂದು ಆ ಬದಿಯನ್ನು ಒಳಗೆ ಮಡಚಿ ಸಿಕ್ಕಿಸಿಕೊಂಡಿದ್ದೆ. ನಾರಾಯಣಪೇಟೆಯ ನಮ್ಮ ಅಗಸರು ಎಷ್ಟು ಸಲ ಉಬ್ಬೆಗಿಟ್ಟರೂ ಅದು ಹೋಗಿರಲಿಲ್ಲ.